ವಾರಕ್ಕೊಂದು ದಿನ ಮಾತಿಲ್ಲ: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮೊನ್ನೆ ಫೋನಲ್ಲಿ ಕೇಳ್ದೆ ನೋಡು, "ವಾರಕ್ಕೊಂದ್ಸಲ ಬಾಯಿ ಮುಚ್ಕೊಂಡು ಕೂತ್ರೆ ನಿಂಗೆ ಏನು ಸಿಗುತ್ತೆ ಹೇಳು" ಅಂತ, ಆಗ ನಾನು ಏನೋ ಹೇಳಕ್ಕೆ ಹೋಗಿ ಅರ್ಧಕ್ಕೇ ಬಿಟ್ಟೆ. ಉತ್ತರ ಗೊತ್ತಿರ್ಲಿಲ್ಲ ಅಂತಲ್ಲ, ಆ ಉತ್ತರದೊಳಗೆ ನೀನೂ ಇದೀಯ ಕಣೋ, ಅದನ್ನ ಫೋನಲ್ಲಿ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದು. ಎಲ್ರಿಗೂ ಕಾಣೋ ಹಾಗೆ ಇಲ್ಲಿ ಹಾಕ್ತಿರೋದು ಯಾಕಂದ್ರೆ ಇದೇ ಪ್ರಶ್ನೆ ಇನ್ನೂ ನಾಲ್ಕೈದು ಜನ ಕೇಳಿದಾರೆ, ಅವರಿಗೂ ಬೇರೆ ಬೇರೆ ಹೇಳೋ ಬದ್ಲು ಒಂದೇ ಕಡೆ ಇರ್ಲಿ ಅಂತ.

ಶುರು ಮಾಡಿದ್ದು ಎರಡು ವರ್ಷದ ಹಿಂದೆ. ಮೊದಲು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಅಷ್ಟೇ, ಆಮೇಲೆ ಇಡೀ ದಿನ. ಮೊದಲ ಒಂದೂವರೆ ತಿಂಗಳು ಏನೂ ಆಗ್ಲಿಲ್ಲ, ಸುಮ್ನೆ ಗಡಿಯಾರ ನೋಡ್ತಾ ಕೂರ್ತಿದ್ದೆ, ಸಂಜೆ ಟೈಮ್ ಮುಗಿದ ತಕ್ಷಣ ಕಟ್ಟೆ ಒಡೆದ ಹಾಗೆ ಮಾತು ಬರ್ತಿತ್ತು, ಆ ಒಂದು ಗಂಟೆಲಿ ಇಡೀ ದಿನದ ಬಾಕಿ ತೀರ್ಸಿಬಿಡ್ತಿದ್ದೆ. ಇದು ಸಾಧನೆ ಅಲ್ಲ ಬರೀ ಉಸಿರು ಕಟ್ಕೊಂಡಿರೋದು ಅಂತ ನಂಗೇ ಅನ್ನಿಸ್ತಿತ್ತು, ಆದ್ರೂ ಬಿಡ್ಲಿಲ್ಲ.

ಆರನೇ ವಾರನೋ ಏಳನೇ ವಾರನೋ ಇರ್ಬೇಕು. ಏನಾದ್ರೂ ಬೇಕಿದ್ರೆ ಬರೆದು ತೋರ್ಸೋಣ ಅಂತ ಒಂದು ಸಣ್ಣ ಪ್ಯಾಡು, ಒಂದು ಪೆನ್ನು ಯಾವಾಗ್ಲೂ ಜೇಬಲ್ಲಿ ಇಟ್ಕೊಂಡಿರ್ತಿದ್ದೆ. ಅವತ್ತು ಯಾರೋ ನಲ್ಲಿ ಸರಿಯಾಗಿ ನಿಲ್ಲಿಸ್ದೇ ಟ್ಯಾಂಕಿನ ನೀರೆಲ್ಲ ಹೋಗಿತ್ತು. ಹೆಂಡ್ತಿ ಬಂದು "ನಿಮ್ದೇ ಕೆಲ್ಸ ಇದು" ಅಂದ್ಲು. ನಂದಾಗಿರ್ಲಿಲ್ಲ. ತಕ್ಷಣ ಪ್ಯಾಡ್ ತೆಗೆದು "ನಾನಲ್ಲ" ಅಂತ ಬರೆದೆ, ಕೆಳಗೆ ಒಂದು ಗೆರೆ ಎಳೆದೆ, ಸಾಲ್ದು ಅನ್ನಿಸ್ತು, ಅದರ ಮೇಲೇ ಇನ್ನೊಂದು ಎಳೆದೆ, ಎರಡನೇ ಗೆರೆಗೆ ಹಾಳೆ ಹರಿದು ಪೆನ್ನಿನ ಮೊನೆ ಕೆಳಗಿನ ಹಾಳೆಗೆ ಇಳೀತು. ತಲೆ ಎತ್ತಿ ನೋಡಿದ್ರೆ ಅವಳು ಆಗ್ಲೇ ಬಕೆಟ್ ತಗೊಂಡು ಆಚೆ ಹೋಗಿದ್ಲು. ನೀರಿನ ವಿಷ್ಯ ಅವಳಿಗೆ ಅಲ್ಲಿಗೇ ಮುಗಿದಿತ್ತು. ನಾನು ಮಾತ್ರ ಆ ಹರಿದ ಹಾಳೆ ಹಿಡ್ಕೊಂಡು ನಿಂತಿದ್ದೆ, ಎದೆ ಹೊಡ್ಕೊಳ್ತಿತ್ತು.

ಬಾಯಿ ಮುಚ್ಚಿತ್ತು, ಆದ್ರೆ ಮೌನ ಎಲ್ಲಿತ್ತು ಅಲ್ಲಿ? ಆ ಎರಡು ಗೆರೆಲಿ ನಾನು ಕೂಗಾಡಿದ್ದೆ. ಅವತ್ತಿಂದ ಪ್ಯಾಡ್ ಬಿಟ್ಟೆ.

ಪ್ಯಾಡ್ ಬಿಟ್ಟ ಮೇಲೆ ಕಂಡಿದ್ದು ಇನ್ನೂ ಸೂಕ್ಷ್ಮ. ಒಂದು ದಿನ ಸುಮ್ನೆ ಕಿಟಕಿ ಹತ್ರ ಕೂತಿದ್ದೆ, ಯಾರ ಜೊತೆನೂ ಇಲ್ಲ, ಏನೂ ಕೆಲಸ ಇಲ್ಲ, ನಾಲಿಗೆ ಮಾತ್ರ ಬಾಯೊಳಗೆ ಅಲ್ಲಾಡ್ತಿದೆ. ನಿಜವಾಗ್ಲೂ. ತುದಿ ಹಲ್ಲಿನ ಹಿಂದಕ್ಕೆ ತಾಗ್ತಿದೆ, ಬಿಡ್ತಿದೆ, ಗಂಟಲು ಬಿಗಿಯಾಗ್ತಿದೆ. ನಾವು ಮನಸ್ಸಲ್ಲೇ ಮಾತಾಡ್ಕೊಳ್ಳುವಾಗ ನಾಲಿಗೆ, ಧ್ವನಿಪೆಟ್ಟಿಗೆಯ ಸ್ನಾಯುಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ಕೆಲಸ ಮಾಡ್ತಿರ್ತವೆ ಅಂತ ವಿಜ್ಞಾನದವರು ಅಳತೆ ಮಾಡಿ ಹೇಳಿದಾರೆ, ಅದನ್ನ ಎಲ್ಲೋ ಓದಿದ್ದೆ ಕೂಡ, ಆದ್ರೆ ನನ್ನ ಬಾಯಲ್ಲೇ ಅದು ನಡೀತಿರೋದನ್ನ ನೋಡಿದಾಗ ಬೇರೇನೇ ಅನ್ನಿಸ್ತು. ನಾಲಿಗೆನ ಕೆಳಗಿನ ದವಡೆ ಮೇಲೆ ಹಾಗೇ ಸಡಿಲ ಬಿಟ್ಟೆ. ಎರಡು ಮೂರು ಉಸಿರಿನಷ್ಟು ಹೊತ್ತು ಒಳಗಿನ ಮಾತೂ ನಿಂತ್ಹೋಯ್ತು. ಆಮೇಲೆ ಮತ್ತೆ ಶುರು ಆಯ್ತು. ಮತ್ತೆ ಬಿಟ್ಟೆ. ಈಗ್ಲೂ ನನ್ನ ಅಭ್ಯಾಸ ಅಂದ್ರೆ ಮುಖ್ಯವಾಗಿ ಇದೇ, ನಾಲಿಗೆ ಅಲ್ಲಾಡೋದು ಗೊತ್ತಾಗೋದು, ಬಿಡೋದು.

ಹಂಗೆ ನೋಡ್ತಾ ನೋಡ್ತಾ ಒಂದು ದಿನ ಕೇಳ್ಕೊಂಡೆ, ಇಷ್ಟೊತ್ತೂ ಯಾರ ಹತ್ರ ಮಾತಾಡ್ತಿದೀನಿ ನಾನು ಅಂತ.

ನಿನ್ನ ಹತ್ರ ಕಣೋ.

ನೆನಪಿದೆ ಅಲ್ವಾ ನಿಂಗೆ, ಆ ದುಡ್ಡಿನ ವಿಷ್ಯಕ್ಕೆ ಜಗಳ ಆಗಿ ಎಂಟು ತಿಂಗಳು ನಾನು ನಿನ್ನ ಜೊತೆ ಮಾತು ಬಿಟ್ಟಿದ್ದು. ನೀನು ಎರಡು ಸಲ ಮೆಸೇಜ್ ಹಾಕಿದ್ದೆ, ನೋಡಿ ಸುಮ್ನಾಗಿದ್ದೆ. ಆಮೇಲೆ ಹೆಂಗೋ ಸರಿ ಹೋಯ್ತು, ಇಬ್ರೂ ಆ ಮಾತು ಎತ್ಲೇ ಇಲ್ಲ. ನಾನು ಅದನ್ನ ಮರ್ತಿದೀನಿ ಅಂತಲೇ ಅಂದ್ಕೊಂಡಿದ್ದೆ. ಆದ್ರೆ ಒಳಗೆ ಕೇಸು ನಡೀತಾನೇ ಇತ್ತು, ನಾನೇ ವಕೀಲ ನಾನೇ ಜಡ್ಜು, ನೀನು ಹೇಳದೇ ಇರೋ ಮಾತನ್ನ ನಿನ್ನ ಬಾಯಲ್ಲಿ ಹೇಳ್ಸಿ ಅದಕ್ಕೆ ಉತ್ತರ ಕೊಟ್ಟು ನಾನೇ ಗೆಲ್ತಿದ್ದೆ. ಸ್ನಾನ ಮಾಡುವಾಗ, ಬಸ್ಸಲ್ಲಿ, ನಿದ್ದೆ ಬರೋ ಮುಂಚೆ. ಎಷ್ಟು ವರ್ಷ! ಮೌನ ಅಂತ ಕೂತ್ಕೊಳ್ದೇ ಇದ್ದಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ, ಯಾಕಂದ್ರೆ ಮಿಕ್ಕ ದಿನ ಹೊರಗಿನ ಮಾತಿನ ಗಲಾಟೆಲಿ ಒಳಗಿಂದು ಮುಚ್ಚಿಹೋಗ್ತಿತ್ತು.

ಮಾತು ಬಿಡೋದು ಬೇರೆ, ಮೌನ ಬೇರೆ. ಇದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ಸಿಟ್ಟಲ್ಲಿ ಸುಮ್ನಿರೋದನ್ನೇ ಎಷ್ಟೋ ಜನ ದೊಡ್ಡ ಸಂಯಮ ಅಂದ್ಕೊಂಡಿರ್ತಾರೆ, ನಾನೂ ಅಂದ್ಕೊಂಡಿದ್ದೆ. ಅದು ಎದುರಿಗಿರೋರಿಗೆ ಕೊಡೋ ಶಿಕ್ಷೆ ಅಷ್ಟೇ. ಆ ಎಂಟು ತಿಂಗಳು ನಾನು ನಿಂಗೆ ಕೊಟ್ಟಿದ್ದು ಅದೇ. ತಪ್ಪು ಮಾಡ್ದೆ. ಕ್ಷಮಿಸು.

ಇದನ್ನೆಲ್ಲ ಕಂಡ ಮೇಲೆ ಗೀತೆಯ ಹದಿನೇಳನೇ ಅಧ್ಯಾಯ ಮತ್ತೆ ತೆಗೆದು ನೋಡ್ದೆ. ಅಲ್ಲಿ 14, 15, 16ನೇ ಶ್ಲೋಕದಲ್ಲಿ ಮೂರು ಥರದ ತಪಸ್ಸು ಬರುತ್ತೆ, ಶರೀರದ್ದು, ಮಾತಿಂದು, ಮನಸ್ಸಿಂದು. ಮೌನ ಮಾತಿನ ತಪಸ್ಸಲ್ಲಿ ಇರ್ಬೇಕು ಅಂತ ಯಾರಾದ್ರೂ ಅಂದ್ಕೋತಾರೆ ಅಲ್ವಾ? ಅಲ್ಲಿಲ್ಲ. ಮಾತಿನ ತಪಸ್ಸು ಅಂದ್ರೆ ಮಾತಾಡದೇ ಇರೋದಲ್ಲ, ಇನ್ನೊಬ್ಬರನ್ನ ಕೆರಳಿಸದ, ನಿಜವಾದ, ಪ್ರಿಯವೂ ಹಿತವೂ ಆದ ಮಾತಾಡೋದು. ಮೌನ ಬರೋದು 16ನೇ ಶ್ಲೋಕದಲ್ಲಿ, ಮನಸ್ಸಿನ ತಪಸ್ಸಲ್ಲಿ, ಮನಃಪ್ರಸಾದ ಅಂದ್ರೆ ಮನಸ್ಸು ತಿಳಿಯಾಗಿರೋದು, ಸೌಮ್ಯತ್ವ, ಆಮೇಲೆ ಮೌನ. ಎಷ್ಟು ಸಲ ಪಾರಾಯಣ ಮಾಡಿದ್ನೋ, ಆ ಜಾಗ ಕಣ್ಣಿಗೇ ಬಿದ್ದಿರ್ಲಿಲ್ಲ. ವಸಿಷ್ಠರು ರಾಮನಿಗೆ ಉಪದೇಶ ಮಾಡೋ ಯೋಗವಾಸಿಷ್ಠದಲ್ಲೂ ಹಿಂಗೇ, ಕೈಸನ್ನೆನೂ ಇಲ್ದೇ ಕಟ್ಟಿಗೆ ಥರ ಕೂರೋ ಕಾಷ್ಠಮೌನಕ್ಕಿಂತ ಮನಸ್ಸೇ ತಣ್ಣಗಾಗಿರೋ ಸುಷುಪ್ತಮೌನ ದೊಡ್ಡದು ಅಂತ ಹೇಳಿದೆ.

ರಮಣ ಮಹರ್ಷಿಗಳ ವಿಷ್ಯ ನಿಂಗೆ ಗೊತ್ತು. 1896ರಲ್ಲಿ ಹದಿನಾರು ವರ್ಷದ ಹುಡುಗ ತಿರುವಣ್ಣಾಮಲೈಗೆ ಬಂದು ವರ್ಷಗಟ್ಟಲೆ ಹೆಚ್ಚುಕಮ್ಮಿ ಮಾತೇ ಆಡ್ಲಿಲ್ಲ. ಜನ ಮೌನವ್ರತ ಅಂದ್ಕೊಂಡ್ರು, ಆದ್ರೆ ಅವರು ವ್ರತ ಅಂತ ಹಿಡ್ದಿರ್ಲಿಲ್ಲ, ಮಾತಾಡ್ಬೇಕು ಅನ್ನೋದೇ ಒಳಗಿಂದ ಬರ್ತಿರ್ಲಿಲ್ಲ. ನಾನು ವಾರಕ್ಕೊಂದು ದಿನ ಕಷ್ಟಪಟ್ಟು ಹಿಡಿಯೋದಕ್ಕೂ ಅದಕ್ಕೂ ಎಷ್ಟು ದೂರ ಇದೆ ಅಂತ ಯೋಚನೆ ಮಾಡಿದ್ರೆ ಸುಮ್ನೆ ಕೈ ಮುಗಿಯೋಣ ಅನ್ನಿಸುತ್ತೆ. ಇನ್ನೊಬ್ಬ ಆಧ್ಯಾತ್ಮಿಕ ಗುರು ಮೆಹರ್ ಬಾಬಾ ಅವರಂತೂ 1925ರ ಜುಲೈ 10ಕ್ಕೆ ಶುರು ಮಾಡಿದ ಮೌನನ 1969ರ ಜನವರಿ 31ಕ್ಕೆ ದೇಹ ಬಿಡೋ ತನಕ ಮುರೀಲಿಲ್ಲ, ನಲವತ್ಮೂರು ವರ್ಷದ ಮೇಲಾಯ್ತು. ಮೊದಲು ಅಕ್ಷರ ಬರೆದ ಹಲಗೆ ಮೇಲೆ ಬೆರಳಿಟ್ಟು ತೋರಿಸ್ತಿದ್ರು, 1954ರಲ್ಲಿ ಅದನ್ನೂ ಬಿಟ್ಟು ಬರೀ ಕೈಸನ್ನೆ. ನನ್ನ ಹರಿದ ಹಾಳೆ ನೆನಪಾದಾಗೆಲ್ಲ ಆ ಹಲಗೆನೂ ನೆನಪಾಗುತ್ತೆ.

ಆದ್ರೆ ನಂಗೆ ದಿನನಿತ್ಯಕ್ಕೆ ಹತ್ರ ಅನ್ಸೋದು ಗಾಂಧೀಜಿಯವರ ಸೋಮವಾರದ ಮೌನ. 1947ರ ಜೂನ್ 2, ದೇಶ ಎರಡಾಗೋ ಪ್ಲಾನ್ ಹಿಡ್ಕೊಂಡು ವೈಸರಾಯ್ ಮೌಂಟ್‌ಬ್ಯಾಟನ್ ಕೂತಿದಾರೆ, ಗಾಂಧೀಜಿ ಹೋದ್ರು, ಅವತ್ತು ಸೋಮವಾರ. ಹಳೇ ಲಕೋಟೆಗಳ ಹಿಂಭಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆದು ಉತ್ತರ ಕೊಟ್ರು. ಜೀವನದಲ್ಲಿ ಅಷ್ಟು ನೋವಿನ ದಿನದಲ್ಲೂ! ಅದರಲ್ಲೇ ಅವರು ಬರೆದಿದ್ದು, ಈ ವ್ರತ ತಗೊಳ್ಳುವಾಗ ಎರಡು ವಿನಾಯಿತಿ ಇಟ್ಕೊಂಡಿದೀನಿ ಅಂತ, ಒಂದು ದೊಡ್ಡ ಅಧಿಕಾರಿಗಳ ಜೊತೆ ತುರ್ತು ವಿಷ್ಯ ಮಾತಾಡೋದು, ಇನ್ನೊಂದು ಕಾಯಿಲೆಯವರ ಆರೈಕೆ. ಆ ಎರಡನೇದು ನನ್ನ ಮನಸ್ಸಿಗೆ ನಾಟಿಬಿಡ್ತು. ಹೋದ ವರ್ಷ ಒಂದು ಮೌನದ ದಿನ ಮಗಳಿಗೆ ಜ್ವರ ಬಂದು, ಸಂಜೆ ಮೌನ ಮುಗಿಯೋ ಮುಂಚೆ ಬೆಚ್ಚಿಬಿದ್ದು ಎದ್ದಾಗ "ಇಲ್ಲೇ ಇದೀನಿ ಪುಟ್ಟ" ಅಂದೆ. ವ್ರತ ಕೆಡ್ತು ಅಂತ ಒಂಚೂರೂ ಅನ್ನಿಸ್ಲಿಲ್ಲ. ಇಡೀ ದಿನ ಸುಮ್ನಿದ್ದ ಬಾಯಿಂದ ಬಂದ ಆ ಮೂರು ಪದ ನನ್ನ ಕಿವಿಗೇ ಎಷ್ಟು ತುಂಬಿಕೊಂಡು ಕೇಳ್ತು ಗೊತ್ತಾ.

ನೀನು ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರಕ್ಕೆ ಹೋಗ್ಲಾ ಅಂತಾನೂ ಕೇಳಿದ್ದೆ. ಧ್ಯಾನ ಗುರು ಗೋಯೆಂಕಾ ಅವರ ಸಂಪ್ರದಾಯದ್ದು, ನಾನು ಒಂದ್ಸಲ ಹೋಗಿ ಬಂದಿದೀನಿ. ಅಲ್ಲಿ ಆರ್ಯಮೌನ ಅಂತಾರೆ, ಮಾತಷ್ಟೇ ಅಲ್ಲ, ಸನ್ನೆ ಇಲ್ಲ, ಚೀಟಿ ಇಲ್ಲ, ಓದೋ ಹಾಗಿಲ್ಲ, ಬರೆಯೋ ಹಾಗಿಲ್ಲ, ಫೋನು ಮೊದಲ ದಿನವೇ ಕೊಟ್ಟುಬಿಡ್ಬೇಕು. ಧ್ಯಾನದ ಬಗ್ಗೆ ಡೌಟಿದ್ರೆ ಗುರುಗಳ ಹತ್ರ, ಏನಾದ್ರೂ ಬೇಕಿದ್ರೆ ವ್ಯವಸ್ಥೆ ನೋಡೋರ ಹತ್ರ ಕೇಳಬಹುದು, ಅಷ್ಟೇ. ಹತ್ತನೇ ದಿನ ಮಾತು ವಾಪಸ್ ಕೊಡ್ತಾರೆ, ಒಂದೇ ಸಲ ಮನೆಗೆ ಹೋಗಿ ಗಲಾಟೆಗೆ ಬಿದ್ರೆ ತಡ್ಕೊಳ್ಳಕ್ಕೆ ಆಗಲ್ಲ ಅಂತ. ನಂಗೆ ಮೂರನೇ ನಾಲ್ಕನೇ ದಿನ ಬಹಳ ಕಷ್ಟ ಆಯ್ತು, ಹಳೇದೆಲ್ಲ ಮೇಲೆ ಬಂತು, ರಾತ್ರಿ ಅತ್ತಿದೀನಿ. ಹೋಗು, ಆದ್ರೆ ಸೀದಾ ಅಲ್ಲಿಗೆ ಹೋಗ್ಬೇಡ, ಮೊದಲು ಮನೇಲೇ ಅರ್ಧ ದಿನ, ಒಂದು ದಿನ ಅಂತ ಮಾಡಿ ನೋಡು. ಇನ್ನೊಂದು, ಅಪ್ಪ ಹೋದ ಮೇಲೆ ನಿಂಗೆ ಡಾಕ್ಟರ್ ಮಾತ್ರೆ ಕೊಟ್ಟಿದ್ರಲ್ಲ, ಅದನ್ನ ಶಿಬಿರದ ಫಾರಂನಲ್ಲಿ ಮುಚ್ಚಿಡ್ದೇ ಬರಿ, ಡಾಕ್ಟರನ್ನೂ ಒಂದ್ಮಾತು ಕೇಳು. ಉದ್ದದ ಮೌನ ಎಲ್ರಿಗೂ ಎಲ್ಲ ಕಾಲಕ್ಕೂ ಒಳ್ಳೇದು ಅಂತ ನಾನು ಹೇಳಲ್ಲ, ಮನಸ್ಸು ತೀರಾ ನೊಂದಿರುವಾಗ ಒಬ್ಬರ ಜೊತೆ ಕೂತು ಮಾತಾಡೋದೇ ಮದ್ದು.

ಫೋನ್ ಬಗ್ಗೆ ಜಾಸ್ತಿ ಬರೆಯಲ್ಲ. ಬಾಯಿ ಮುಚ್ಚಿ ಬೆರಳಲ್ಲಿ ಟೈಪ್ ಮಾಡ್ತಾ ಕೂತ್ರೆ ಅದೂ ಮಾತೇ, ಸ್ವಿಚ್ ಆಫ್ ಮಾಡಿ ಒಳಗಿಡು. ಮನೆಯವರಿಗೆ ಮೊದಲೇ ಹೇಳಿ ಅವರ ಒಪ್ಪಿಗೆ ತಗೋ, ಇಲ್ಲಾಂದ್ರೆ ನಿನ್ನ ಶಾಂತಿಗೆ ಅವರು ಸಂಕಟ ಪಡ್ಬೇಕಾಗುತ್ತೆ.

ಈಗ ನಿನ್ನ ಪ್ರಶ್ನೆ, ಏನು ಸಿಗುತ್ತೆ ಅಂತ. ಬ್ರಹ್ಮಸೂತ್ರದ ಭಾಷ್ಯದಲ್ಲಿ ಶಂಕರರು ಒಂದು ಹಳೇ ಕಥೆ ಹೇಳ್ತಾರೆ. ಬಾಷ್ಕಲಿ ಅನ್ನೋನು ಗುರು ಬಾಧ್ವನ ಹತ್ರ ಹೋಗಿ ಬ್ರಹ್ಮ ಅಂದ್ರೆ ಏನು ಹೇಳಿ ಅಂತ ಕೇಳ್ತಾನೆ. ಗುರು ಸುಮ್ನೆ ಇರ್ತಾರೆ. ಎರಡನೇ ಸಲ, ಮೂರನೇ ಸಲ ಕೇಳಿದಾಗ, ನಾನು ಹೇಳ್ತಾನೇ ಇದೀನಿ, ನಿಂಗೆ ತಿಳೀತಿಲ್ಲ, ಈ ಆತ್ಮ ಉಪಶಾಂತ, ಅಂದ್ರೆ ಪೂರ್ತಿ ಶಾಂತ ಅಂತಾರೆ. ನಂಗೆ ಆ ಬ್ರಹ್ಮ ಏನೂ ತಿಳ್ದಿಲ್ಲ ಕಣೋ, ತಿಳ್ದೋರ ಥರ ಬರೆದ್ರೆ ತಪ್ಪಾಗುತ್ತೆ. ಆದ್ರೆ ನಾಲಿಗೆ ಸಡಿಲ ಆಗಿ ಒಳಗಿನ ಕೇಸು ನಿಂತ ಆ ಎರಡು ಮೂರು ಉಸಿರಿನ ಹೊತ್ತಲ್ಲಿ ನಾನು ಯಾರನ್ನೂ ಗೆಲ್ಬೇಕಾಗಿರ್ಲಿಲ್ಲ. ಏನೋ ಇತ್ತು, ಅದು ಮೊದಲಿಂದಾನೂ ಅಲ್ಲೇ ಇತ್ತು ಅನ್ನೋ ಹಾಗಿತ್ತು, ಅದಕ್ಕೆ ನನ್ನ ಹೆಸರೂ ಇರ್ಲಿಲ್ಲ, ನಿನ್ನ ಮೇಲಿನ ಸಿಟ್ಟೂ ಇರ್ಲಿಲ್ಲ. ಅಷ್ಟು ಮಾತ್ರ ನಾನು ಆಣೆ ಇಟ್ಟು ಹೇಳಬಲ್ಲೆ.

ಈ ಭಾನುವಾರ ನಂದು ಮೌನದ ದಿನ. ಬರ್ತೀಯಾ? ಬರೋ ಮುಂಚೆ ಫೋನ್ ಮಾಡ್ಬೇಡ, ಆಫ್ ಇರುತ್ತೆ. ಬಾಗಿಲು ತೆಗೆದೇ ಇಟ್ಟಿರ್ತೀನಿ, ಕಿಟಕಿ ಹತ್ರ ಇನ್ನೊಂದು ಕುರ್ಚಿ ಹಾಕಿರ್ತೀನಿ. ಸಂಜೆ ಆರು ಗಂಟೆ ತನಕ ಕೂರೋಣ, ಆಮೇಲೆ ಆ ದುಡ್ಡಿನ ವಿಷ್ಯನೂ ಮಾತಾಡೋಣ, ಮೊದಲು ನೀನು ಹೇಳು, ನಾನು ಕೇಳ್ತೀನಿ.

ನಿನ್ನವನು