ನನ್ನ ಕೈಯನ್ನು ನನಗೆ ವಾಪಸ್ ಕೊಡಿಸಿದವರಿಗೆ

ಕಳೆದ ತಿಂಗಳು ಅಕ್ಕನ ಮಗನ ಮದುವೆಯಲ್ಲಿ ನಾನು ತಲೆ ಮೇಲೆ ಸೆರಗು ಹೊದೆಯದೆ, ಜಡೆ ಹೆಣೆದು, ಮಲ್ಲಿಗೆ ಮುಡಿದು ಓಡಾಡಿದ್ದನ್ನು ತುಂಬಾ ಜನ ನೋಡಿದಿರಿ. ಹತ್ತಿರ ಬಂದು ಕೇಳಿದಿರಿ ಕೂಡ. "ಯಾವ ಎಣ್ಣೆ ಹಚ್ಚಿದೆ?" "ಯಾವ ಡಾಕ್ಟರ ಹತ್ರ ಹೋಗಿದ್ದೆ?" ಊಟದ ಪಂಕ್ತಿಯ ಪಕ್ಕ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಅದು. ಹಾಗಂತ ಮುಚ್ಚಿಡುವ ವಿಷಯವೂ ಅಲ್ಲ. ಕೂದಲಿಲ್ಲದ ನನ್ನ ನೆತ್ತಿಗೆ ಹಿಪ್ನಾಸಿಸ್ (ಸಂಮೋಹನ) ಮತ್ತು ಅಭ್ಯಾಸದ ಸಹಾಯದಿಂದ ಮತ್ತೆ ಕೂದಲು ಬಂದ ಕಥೆಯನ್ನು ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎಷ್ಟೋ ಜನರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ನನ್ನ ಕೂದಲು ಉದುರಿದ್ದಲ್ಲ. ನನ್ನ ಕೈಯೇ ಅದನ್ನು ಕೀಳುತ್ತಿತ್ತು.

ತಮ್ಮ ಹೋದ ಮೇಲೆ ಶುರುವಾಯಿತು. ಅವನಿದ್ದ ಕಾರು ರಾತ್ರಿ ನಾಲೆಗೆ ಬಿತ್ತು. ಮಂಡ್ಯದವರಿಗೆ ಇಷ್ಟು ಹೇಳಿದರೆ ಸಾಕು. ಆಮೇಲೆ ರಾತ್ರಿ ಹೊತ್ತು ಯಾರ ಫೋನು ರಿಂಗಾದರೂ ನನಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕೈ ತಾನಾಗಿ ನೆತ್ತಿಗೆ ಹೋಗುತ್ತಿತ್ತು. ಬೆರಳು ಅಲ್ಲಿ ಒರಟಾಗಿರುವ ಒಂದೇ ಒಂದು ಕೂದಲನ್ನು ಹುಡುಕುತ್ತದೆ. ಸಿಕ್ಕಿದರೆ ಕೀಳುತ್ತದೆ. ಒಂದು ಗಳಿಗೆ ಎದೆ ಹಗುರ. ಆಮೇಲೆ ಇನ್ನೊಂದು ಬೇಕು. ಟಿವಿ ನೋಡುವಾಗ, ಬಸ್ಸಲ್ಲಿ ಕೂತಾಗ, ನಿದ್ದೆ ಬಾರದಾಗ, ಹೀಗೆ ಯಾವಾಗ ಬೇಕಾದರೂ. ಎಷ್ಟೋ ಸಲ ಮಡಿಲಲ್ಲಿ ಕೂದಲು ಕಂಡ ಮೇಲೆಯೇ ನನಗೆ ಗೊತ್ತಾಗುತ್ತಿತ್ತು.

ನಾನು ಬ್ಲೌಸ್ ಹೊಲಿಯುವವಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕಪ್ಪು ದಾರದ ಚೂರುಗಳ ಜೊತೆ ನನ್ನ ಕೂದಲೂ ಬಿದ್ದಿರುತ್ತಿತ್ತು. ಅಂಗಡಿಯ ಹುಡುಗಿ ಅದನ್ನೂ ದಾರ ಅನ್ನೋ ಹಾಗೆ ಗುಡಿಸಿ ಹಾಕುತ್ತಿದ್ದಳು. ಒಂದು ದಿನವೂ ಮುಖ ನೋಡಲಿಲ್ಲ, ಒಂದು ಮಾತೂ ಕೇಳಲಿಲ್ಲ. ಅವಳಿಗೆ ಎಲ್ಲಾ ಗೊತ್ತಿತ್ತು. ಮೊದಲ ಥ್ಯಾಂಕ್ಸ್ ನಿನಗೇ ಕಣೇ.

ಎರಡನೆಯದು ಮಂಡ್ಯದ ಚರ್ಮದ ಡಾಕ್ಟರಿಗೆ. ಅವರು ಎಣ್ಣೆ, ಮುಲಾಮು ಬರೆದುಕೊಟ್ಟು ಕಳಿಸಬಹುದಿತ್ತು. ಹಾಗೆ ಮಾಡದೆ ಭೂತಗನ್ನಡಿಯಲ್ಲಿ ನೆತ್ತಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ನರ್ಸನ್ನು ಆಚೆ ಕಳಿಸಿ ಮೆಲ್ಲಗೆ ಕೇಳಿದರು: "ನೀವೇ ಕೀಳ್ತೀರಾ ಅಮ್ಮಾ?" ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ. ಇದಕ್ಕೆ ಟ್ರೈಕೊಟಿಲೊಮೇನಿಯಾ ಅನ್ನುತ್ತಾರೆ, 1889ರಲ್ಲೇ ಫ್ರಾನ್ಸಿನ ಒಬ್ಬ ಚರ್ಮವೈದ್ಯ ಈ ಹೆಸರು ಇಟ್ಟ, ನೀವೊಬ್ಬರೇ ಅಲ್ಲ ಎಂದರು. ಅಷ್ಟು ವರ್ಷದಿಂದ ಜನ ಇದನ್ನು ಅನುಭವಿಸುತ್ತಿದ್ದಾರೆ ಅಂತ ಕೇಳಿಯೇ ನನಗೆ ಅರ್ಧ ಸಮಾಧಾನವಾಯಿತು. ಮನಸ್ಸಿನ ತೊಂದರೆಗೆ ಮಾತು, ಅಭ್ಯಾಸಗಳಿಂದ ಚಿಕಿತ್ಸೆ ಮಾಡುವ ಮೈಸೂರಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಹತ್ತಿರ ಕಳಿಸಿದವರೂ ಅವರೇ.

ಆ ಮೇಡಂ ಹಿಪ್ನಾಸಿಸ್ ಕೂಡ ಮಾಡುತ್ತಾರೆ ಅಂದಾಗ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರುವ ವಶೀಕರಣದ ಚೀಟಿಗಳೇ ನಮ್ಮತ್ತೆಗೆ ಕಣ್ಣ ಮುಂದೆ ಬಂದವು. "ಯಾರೋ ಮಂತ್ರ ಹಾಕಿ ಮಲಗಿಸಿ, ಮನಸ್ಸಲ್ಲಿ ಇರೋದೆಲ್ಲ ಬಾಯಿ ಬಿಡಿಸ್ತಾರೆ" ಅಂದರು. ಅವರ ಭಯ ತಪ್ಪಲ್ಲ, ನನಗೂ ಅದೇ ಭಯ ಇತ್ತು. ಆಗ ಸಹಾಯಕ್ಕೆ ಬಂದವರು ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟ್ರು. ಅತ್ತೆಯ ಮುಂದೆ ಕೂತು, ಕಾಫಿ ಕುಡಿಯುತ್ತಾ ಹೇಳಿದರು: "ಅಮ್ಮಾ, ಮನಸ್ಸನ್ನ ಓದೋ ವಿದ್ಯೆ ಮೈಸೂರಿಗೆ ಹೊಸದಲ್ಲ. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದರಲ್ಲ, ಗೋಪಾಲಸ್ವಾಮಿಯವರು? ಅವರು ಮಹಾರಾಜ ಕಾಲೇಜಲ್ಲಿ ಮನಃಶಾಸ್ತ್ರದ ಪ್ರೊಫೆಸರು. ಇದು ಮಂತ್ರ ಅಲ್ಲ, ಕಾಲೇಜಲ್ಲಿ ಕಲಿಯೋ ವಿದ್ಯೆ." ರೇಡಿಯೋ ಹೆಸರು ಕೇಳಿ ಅತ್ತೆ ಮೆತ್ತಗಾದರು. ಮುಂದಿನ ವಾರ ರೈಲಿಗೆ ಬುತ್ತಿ ಕಟ್ಟಿಕೊಟ್ಟವರು ಅವರೇ. ಅತ್ತೆಮ್ಮಾ, ಮೇಷ್ಟ್ರೇ, ಇಬ್ಬರಿಗೂ ನಮಸ್ಕಾರ.

ಈಗ ಮೇಡಂ ವಿಷಯ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಆದರೆ ಅಲ್ಲಿ ಏನು ನಡೆಯಿತು ಅಂತ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಕೇಳುವುದೇ ಅದನ್ನು.

ಮಲಗಿಸಲಿಲ್ಲ. ಸಾಮಾನ್ಯ ಕುರ್ಚಿ, ಅದರಲ್ಲಿ ಕೂರಿಸಿದರು. ಕ್ಯಾಲೆಂಡರ್ ನೇತುಹಾಕಿದ್ದ ಮೊಳೆಯನ್ನು ತಲೆ ಎತ್ತದೆ ನೋಡಿ ಅಂದರು. 1840ರ ದಶಕದಲ್ಲಿ ಜೇಮ್ಸ್ ಬ್ರೇಡ್ ಎಂಬ ಸ್ಕಾಟ್ಲೆಂಡಿನ ಡಾಕ್ಟರು ಹೀಗೇ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೊಳೆಯುವ ವಸ್ತು ಹಿಡಿದು ನೋಡಿಸುತ್ತಿದ್ದರಂತೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಭಾರವಾಯಿತು, ಮುಚ್ಚಿದೆ. ಮೇಡಂ ಧ್ವನಿ ಕೇಳುತ್ತಿತ್ತು. ಫ್ಯಾನ್ ಸದ್ದು ಕೇಳುತ್ತಿತ್ತು. ಆಚೆ ಸೊಪ್ಪಿನವಳು ಕೂಗುವುದೂ ಕೇಳುತ್ತಿತ್ತು. ಎದ್ದು ಹೋಗಬೇಕು ಅಂದಿದ್ದರೆ ಹೋಗಬಹುದಿತ್ತು. ಹೋಗುವ ಮನಸ್ಸಾಗಲಿಲ್ಲ, ಅಷ್ಟೇ.

ಒಂದು ಮಾತು ವಿಶೇಷವಾಗಿ ಹೇಳಬೇಕು. ಮೊದಲ ಸಲ ಅವರು "ಒಂದು ಶಾಂತವಾದ ಕೆರೆ ದಂಡೆ ಮೇಲೆ ಕೂತಿದೀರಿ" ಅಂದರು. ನೀರು ಅಂದದ್ದೇ ತಡ, ನನ್ನ ಉಸಿರು ನಿಂತ ಹಾಗಾಯಿತು. ಅವರು ಅದನ್ನು ಕಂಡುಹಿಡಿದು ತಕ್ಷಣ ನಿಲ್ಲಿಸಿದರು. ಕಣ್ಣು ಬಿಡಿಸಿ, ನೀರು ಕುಡಿಸಿ, "ಜಾಗ ನೀವೇ ಹೇಳಿ, ನಾನು ಹೇಳೋದು ಬೇಡ" ಎಂದರು. ನಾನು ತಾತನ ಆಲೆಮನೆ ಅಂದೆ. ಅಲ್ಲಿಂದ ಮುಂದೆ ಪ್ರತಿ ಸಲವೂ ಆಲೆಮನೆಯೇ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದು, ನೊರೆ ತೆಗೆಯುವುದು, ಬಿಸಿ ಬೆಲ್ಲದ ವಾಸನೆ, ಬೆನ್ನಿಗೆ ಒಲೆಯ ಶಾಖ. ತಮ್ಮನೂ ಅಲ್ಲೇ ಇರುತ್ತಿದ್ದ, ಚಡ್ಡಿ ಹಾಕಿಕೊಂಡು, ಪಾಕ ನೆಕ್ಕುತ್ತಾ.

ಅವನನ್ನು ಮರೆಸಿಬಿಡುತ್ತಾರೇನೋ ಅನ್ನುವುದೇ ನನ್ನ ದೊಡ್ಡ ಹೆದರಿಕೆಯಾಗಿತ್ತು. ಅದನ್ನು ಹೇಳಿದಾಗ ಮೇಡಂ, "ಯಾರನ್ನೂ ಅಳಿಸೋಕೆ ನನಗೆ ಬರಲ್ಲ, ಬಂದಿದ್ರೂ ಅಳಿಸ್ತಿರಲಿಲ್ಲ" ಎಂದರು. ಹಳೆಯ ನೆನಪು ಕೆದಕಿ ತೆಗೆಯುವುದಕ್ಕೂ ಇದನ್ನು ಬಳಸಲ್ಲ ಅಂದರು. ಹಿಪ್ನಾಸಿಸ್‌ನಲ್ಲಿ ಬರುವ ನೆನಪು ನಿಜವೇ ಆಗಿರಬೇಕು ಅಂತಿಲ್ಲವಂತೆ, ಮನಸ್ಸು ಕಟ್ಟಿಕೊಂಡದ್ದೂ ಇರಬಹುದಂತೆ. ಅವರು ಮಾಡಿದ್ದು ಇಷ್ಟು: ಆಲೆಮನೆಯ ಬೆಚ್ಚಗೆಯಲ್ಲಿ ಕೂತಿರುವಾಗಲೇ ದೂರದಲ್ಲಿ ಒಂದು ಫೋನ್ ರಿಂಗಾಗುತ್ತದೆ ಅಂತ ಹೇಳುತ್ತಿದ್ದರು. ಮೊದಮೊದಲು ಬಹಳ ದೂರ. ಬರಬರುತ್ತಾ ಹತ್ತಿರ. ಉಸಿರು ನೋಡಿಕೊಂಡು ಹೆಜ್ಜೆ ಹೆಜ್ಜೆಯಾಗಿ. ಈಗ ರಾತ್ರಿ ಫೋನ್ ಬಂದರೆ ನಾನೇ ಎದ್ದು ತೆಗೆದುಕೊಳ್ಳುತ್ತೇನೆ. ದುಃಖ ಹೋಗಿಲ್ಲ. ಹೋಗಲಿ ಅಂತ ನಾನೂ ಬಯಸಲಿಲ್ಲ.

ಕೈಯ ವಿಷಯಕ್ಕೆ ಅವರು ಹೇಳಿದ ಸಲಹೆ ಇನ್ನೂ ಕಿವಿಯಲ್ಲಿದೆ: "ಕೈ ಭುಜ ದಾಟುವಾಗ ನಿಮಗೆ ಗೊತ್ತಾಗತ್ತೆ. ತಲೆ ನಿಮ್ಮದು, ಕೈನೂ ನಿಮ್ಮದೇ." ಬರೀ ಹಿಪ್ನಾಸಿಸ್ ಸಾಕು ಅಂತ ಅವರು ಯಾವತ್ತೂ ಹೇಳಲಿಲ್ಲ. 1973ರಲ್ಲಿ ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ರೂಪಿಸಿದ ಹ್ಯಾಬಿಟ್ ರಿವರ್ಸಲ್ ಎಂಬ ಅಭ್ಯಾಸವನ್ನೂ ಕಲಿಸಿದರು. ಕೈ ಎದ್ದದ್ದು ಗೊತ್ತಾದ ತಕ್ಷಣ ಮುಷ್ಟಿ ಬಿಗಿ ಹಿಡಿದು ಒಂದು ನಿಮಿಷ ಹಾಗೇ ಇರುವುದು. ಆಸೆ ಏರಿ, ತಾನಾಗಿ ಇಳಿಯುತ್ತದೆ. ಆದರೆ ಕೈ ಎದ್ದದ್ದು ಗೊತ್ತಾಗಬೇಕಲ್ಲ ಮೊದಲು? ಅದೇ ನನಗೆ ಕಷ್ಟವಾಗಿದ್ದದ್ದು. ಆ ಎಚ್ಚರ ನನಗೆ ಹಿಪ್ನಾಸಿಸ್‌ನಿಂದ ಬಂತು. ನಿದ್ದೆ ಬರಿಸುತ್ತಾರೆ ಅಂದುಕೊಂಡು ಹೋಗಿದ್ದೆ, ಎಚ್ಚರ ಮಾಡಿ ಕಳಿಸಿದರು.

ಮನೆಯಲ್ಲಿ ಅಭ್ಯಾಸ ಮಾಡಲು ಮೇಡಂ ತಮ್ಮ ಧ್ವನಿ ರೆಕಾರ್ಡ್ ಮಾಡಿ ಮೊಬೈಲಿಗೆ ಹಾಕಿಕೊಟ್ಟರು. ರಾತ್ರಿ ಅದನ್ನು ಕೇಳುವ ಹೊತ್ತಿಗೆ ನಮ್ಮನೆಯವರು ಕ್ರಿಕೆಟ್ ಇದ್ದರೂ ಟಿವಿ ಆಫ್ ಮಾಡುತ್ತಿದ್ದರು. ತಮ್ಮನ ತಿಥಿಯ ವಾರ ಕೈ ಮತ್ತೆ ನೆತ್ತಿಗೆ ಹೋಯಿತು. ಆಗ "ಕೀಳಬೇಡ" ಅನ್ನದೆ, ಪಕ್ಕ ಕೂತು ನನ್ನ ಕೈ ಹಿಡಿದುಕೊಂಡರು. ರೀ, ಇದನ್ನು ಎದುರಿಗೆ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ನನ್ನ ತಮ್ಮನ ಹೆಂಡತಿಗೆ ಏನಂತ ಥ್ಯಾಂಕ್ಸ್ ಹೇಳಲಿ? ಅವಳ ದುಃಖ ನನ್ನದಕ್ಕಿಂತ ದೊಡ್ಡದು. ಆದರೂ ಪ್ರತಿ ಸಲ ಮೈಸೂರಿಗೆ ನನ್ನ ಜೊತೆ ಬಂದವಳು ಅವಳೇ. ಆಚೆ ಬೆಂಚಿನ ಮೇಲೆ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕಾಯುತ್ತಿದ್ದಳು. ಕೂದಲು ಬರಲು ಶುರುವಾದಾಗ ಮೊದಲು ಮುಟ್ಟಿ ನೋಡಿದ್ದೂ ಅವಳು. "ಅತ್ತಿಗೆ, ಮುಳ್ಳು ಮುಳ್ಳಾಗಿ ಬಂದಿದೆ!" ಅಂತ ನಕ್ಕಳು. ಎಷ್ಟೋ ದಿನದ ಮೇಲೆ ನಮ್ಮಿಬ್ಬರಿಗೂ ನಗು ಬಂದಿತ್ತು.

ಬ್ಲೌಸ್ ತಡವಾದರೂ ಕಾದ ನಮ್ಮ ಗಿರಾಕಿಗಳಿಗೂ ನಮಸ್ಕಾರ. ಹಬ್ಬಕ್ಕೆ ಕೊಡಬೇಕಾದದ್ದನ್ನು ಹಬ್ಬ ಕಳೆದ ಮೇಲೆ ಕೊಟ್ಟರೂ ಒಬ್ಬರೂ ಬೇರೆ ಅಂಗಡಿಗೆ ಹೋಗಲಿಲ್ಲ.

ಹಿಪ್ನಾಸಿಸ್ ಎಲ್ಲರಿಗೂ ಒಂದೇ ಥರ ಹತ್ತುವುದಿಲ್ಲ. ಕೆಲವರು ಬೇಗ ಮುಳುಗುತ್ತಾರೆ, ಕೆಲವರಿಗೆ ಆಗುವುದೇ ಇಲ್ಲ. ಇಲ್ಲದ್ದು ಕಾಣುವ, ಇಲ್ಲದ ಮಾತು ಕೇಳಿಸುವ ಕಾಯಿಲೆ ಇದ್ದವರಿಗೆ ಇದು ತಕ್ಕದ್ದಲ್ಲ ಅಂತ ಮೇಡಂ ಮೊದಲೇ ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಹಾಗಾಗಿ ದಯವಿಟ್ಟು ಗೋಡೆ ಮೇಲಿನ ನಂಬರ್‌ಗೆ ಫೋನ್ ಮಾಡಬೇಡಿ. ಮಾಡುವವರು ಮನೋವೈದ್ಯರೋ, ಕೇಂದ್ರ ಸರ್ಕಾರದ ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನಲ್ಲಿ ನೋಂದಣಿಯಾದ ಕ್ಲಿನಿಕಲ್ ಸೈಕಾಲಜಿಸ್ಟೋ ಅಂತ ಕೇಳಿ. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತಲೇ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟನ್ನೂ ಫೋನಲ್ಲಿ ಹೇಳಲು ಆಗದವರು ನನ್ನ ಅಂಗಡಿಗೆ ಬನ್ನಿ. ಮಧ್ಯಾಹ್ನ ಊಟದ ಹೊತ್ತಲ್ಲಿ ಗಿರಾಕಿಗಳು ಕಡಿಮೆ. ಹೊಲಿಯಲು ಬಟ್ಟೆ ತರಲೇಬೇಕು ಅಂತೇನಿಲ್ಲ.