ಪೈಪ್ ಹಿಡಿಯುವ ಮುಂಚೆ ಮೋರಿ ನೋಡು ಪುಟ್ಟ

ತೀರ್ಥಹಳ್ಳಿ
ಭಾನುವಾರ ರಾತ್ರಿ

ಪುಟ್ಟ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಪ್ಲಾಂಟಿನಲ್ಲಿ ಹೈಪೋ, ಅದೇ ರೋಗಾಣು ಕೊಲ್ಲಲು ನೀರಿಗೆ ಹಾಕುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಅದರ ಲೈನ್ ಒಡೆದು ನೆಲವೆಲ್ಲ ಹರಿಯಿತು, ನೀನೂ ಹೆಲ್ಪರ್ ಹುಡುಗನೂ ನೀರಿನ ಪೈಪ್ ಹಿಡಿದು ಅರ್ಧ ಗಂಟೆಯಲ್ಲಿ ತೊಳೆದು ಹಾಕಿದಿರಿ, ನೆಲ ಫಳಫಳ ಅಂತಿತ್ತು ಅಂದೆ. ದನಿಯಲ್ಲಿ ಖುಷಿ ಇತ್ತು. ನಾನು ಆಗ ಏನೂ ಹೇಳಲಿಲ್ಲ. ಪಕ್ಕದಲ್ಲೇ ನಿನ್ನ ಅಮ್ಮ ಕೂತಿದ್ದಳು, ಕೇಳಿಸಿಕೊಂಡರೆ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ ಅವಳು. ಅದಕ್ಕೇ ಈ ಕಾಗದ. ಬೈಯುವುದಕ್ಕಲ್ಲ ಮಾರಾಯ. 26 ವರ್ಷ ಕೊಳಚೆ ನೀರಿನ ಪ್ಲಾಂಟುಗಳಲ್ಲೇ ಕಳೆದವನು ನಾನು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ನಾನು ಕೇಳುವುದು ಒಂದೇ. ತೊಳೆದ ಆ ನೀರು ಎಲ್ಲಿಗೆ ಹೋಯಿತು?

ನಿಮ್ಮಲ್ಲಿ ಎರಡು ಥರದ ಮೋರಿ ಇರಬೇಕು. ಒಂದು ತಿರುಗಿ ಒಳಗೇ, ಇನ್‌ಲೆಟ್ ಸಂಪಿಗೆ, ಅಂದರೆ ಊರಿನ ಕೊಳಚೆ ಮೊದಲು ಬಂದು ಬೀಳುವ ಗುಂಡಿಗೆ ಬರುತ್ತದೆ. ಇನ್ನೊಂದು ಮಳೆನೀರಿನದು, ಹಳ್ಳ ಹಿಡಿದು ಹೊಳೆಗೆ ಹೋಗುತ್ತದೆ. ಹೊಳೆಗೆ ಹೋಯಿತು ಅಂತಿಟ್ಟುಕೋ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆ ಕ್ಲೋರಿನ್ ಇದ್ದರೂ ಮೀನು ಸಾಯುತ್ತವೆ. ನಿಮ್ಮ ಟ್ಯಾಂಕಿನಲ್ಲಿರುವ ಹೈಪೋದಲ್ಲಿ ನೂರಕ್ಕೆ 10ರಿಂದ 12 ಭಾಗ ಕ್ಲೋರಿನ್. ಲೆಕ್ಕ ನೀನೇ ಹಾಕು. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳುತ್ತಾ ಬೆಳೆದವರು ನಾವು. ಶಿವಮೊಗ್ಗದಿಂದ ಕೆಳಗೆ ಕೂಡ್ಲಿಯಲ್ಲಿ ತುಂಗೆಗೆ ಭದ್ರೆ ಸೇರುತ್ತಾಳೆ, ಆಮೇಲೆ ಹೊನ್ನಾಳಿ, ಹರಿಹರ. ದಾರಿಯುದ್ದಕ್ಕೂ ಜನ ಇದ್ದಾರೆ.

ಸರಿ, ಒಳಗಿನ ಸಂಪಿಗೇ ಹೋಯಿತು ಅಂದುಕೋ. ನಾನು ಮಾಡಿದ್ದು ಇದನ್ನೇ. ಕೆಲಸಕ್ಕೆ ಸೇರಿ ಎರಡನೇ ವರ್ಷ, ಚಿಕ್ಕ ಪ್ಲಾಂಟು, ಸಾವಿರ ಲೀಟರಿನ ಹೈಪೋ ಟ್ಯಾಂಕಿನ ಬುಡ ಬಿರುಕು ಬಿಟ್ಟು ಪೂರ್ತಿ ಖಾಲಿಯಾಯಿತು. ಎಲ್ಲವನ್ನೂ ಒಳಗಿನ ಮೋರಿಗೆ ತೊಳೆದೆ, ಹೊರಗೆ ಹೋಗಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ. ಮರುದಿನ ಕೊಳಚೆಗೆ ಗಾಳಿ ಊದುವ ಏರೇಷನ್ ಟ್ಯಾಂಕಿನ ಮೇಲೆ ಬಿಳೀ ನೊರೆ. ಗಾಜಿನ ಜಾಡಿಯಲ್ಲಿ ಹಿಡಿದಿಟ್ಟರೆ ಕೆಸರು ತಳಕ್ಕೆ ಕೂರುತ್ತಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದೆ, ಒಂದೂ ಮಿಸುಕುತ್ತಿರಲಿಲ್ಲ. ಕೊಳೆಯನ್ನು ತಿಂದು ನೀರನ್ನು ತಿಳಿ ಮಾಡುವುದು ಆ ಸೂಕ್ಷ್ಮಜೀವಿಗಳು, ನಾನು ಒಂದು ಮಧ್ಯಾಹ್ನದಲ್ಲಿ ಎಲ್ಲವನ್ನೂ ಕೊಂದಿದ್ದೆ. ಆಮೇಲೆ ಹಳ್ಳಿಗಳಿಂದ ಸಗಣಿ ತರಿಸಿ ಕಲಕಿದೆವು, ಬೇರೆ ಪ್ಲಾಂಟಿನಿಂದ ಟ್ಯಾಂಕರಿನಲ್ಲಿ ಕೆಸರು ತಂದು ಹಾಕಿದೆವು. ಸುಧಾರಿಸಲು ಮೂರು ವಾರ ಹಿಡಿಯಿತು. ಆ ಮೂರು ವಾರ ಊರಿನ ಕೊಳಚೆ ಅರೆಬರೆ ಶುದ್ಧವಾಗಿ ಹೊಳೆಗೆ ಹೋಯಿತು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಆ ನೀರನ್ನು ನೋಡಿ ಬಂದೆ, ಇವತ್ತಿಗೂ ಕಣ್ಣಮುಂದಿದೆ.

ಹಾಗಾಗಿ ಮುಂದಿನ ಸಲ ಪೈಪ್ ಮುಟ್ಟುವ ಮುಂಚೆ ಮೋರಿಯ ಬಾಯಿ ಮುಚ್ಚು. ಟ್ಯಾಂಕಿನ ಸುತ್ತ ಗಿಡ್ಡ ಗೋಡೆ ಕಟ್ಟಿದ್ದಾರಲ್ಲ, ಬಂಡ್ ಅಂತೀರಲ್ಲ, ಅದು ಇರುವುದೇ ಸೋರಿದ್ದನ್ನು ಹಿಡಿದಿಡಲು. ಆದರೆ ನಮ್ಮ ಮಲೆನಾಡಿನಲ್ಲಿ ಅದಕ್ಕೊಂದು ಕಷ್ಟ ಇದೆ. ಜೂನ್ ಜುಲೈನಲ್ಲಿ ಒಂದೇ ರಾತ್ರಿಗೆ ಮಳೆನೀರು ತುಂಬುತ್ತದೆ, ಖಾಲಿ ಮಾಡಲು ಅಂತ ಬುಡದ ವಾಲ್ವ್ ತೆಗೆಯುತ್ತಾರೆ, ದಿನಾ ಯಾರು ತಿರುಗಿಸುತ್ತಾರೆ ಅಂತ ತೆರೆದೇ ಬಿಡುತ್ತಾರೆ. ಆಮೇಲೆ ಆ ಗೋಡೆ ಇದ್ದೂ ಇಲ್ಲದ ಹಾಗೆ. ನಿಮ್ಮದು ಮುಚ್ಚಿದೆಯಾ ಅಂತ ನಾಳೆ ಕೈಯಿಂದಲೇ ತಿರುಗಿಸಿ ನೋಡು.

ಬಂಡಿನಲ್ಲಿ ನಿಂತಿದ್ದನ್ನು ಆದಷ್ಟು ಪಂಪಿನಿಂದ ಡ್ರಮ್ಮಿಗೆ ಎತ್ತಿ. ಉಳಿದ ತೇವಕ್ಕೆ ಒಣ ಮರಳು. ಮಿಲ್ಲಿನಿಂದ ಮರದ ಹೊಟ್ಟು, ಇಲ್ಲವೇ ಅಡಿಕೆ ಸಿಪ್ಪೆ ತಂದು ಹಾಕೋಣ ಅನ್ನುತ್ತಾರೆ ನಮ್ಮ ಕಡೆಯವರು, ಸುಲಭಕ್ಕೆ ಸಿಗುತ್ತದೆ ಅಂತ. ಖಂಡಿತ ಬೇಡ, ಗಟ್ಟಿ ಹೈಪೋ ತಾಗಿದರೆ ಬಿಸಿಯೇರಿ ಬೆಂಕಿ ಹತ್ತಬಹುದು. ಆಮೇಲೆ ಕ್ಲೋರಿನ್ ಕಳೆಯಲು ಸೋಡಿಯಂ ಥಯೋಸಲ್ಫೇಟ್ ದ್ರಾವಣ, ಸ್ವಲ್ಪ ಸ್ವಲ್ಪವೇ. ಹಳೇ ಫೋಟೋ ಸ್ಟುಡಿಯೋದವರು ಈ ಥಯೋಸಲ್ಫೇಟನ್ನೇ ಹೈಪೋ ಅಂತ ಕರೆಯುತ್ತಿದ್ದರು! ಅಂಗಡಿಗೆ ಚೀಟಿ ಬರೆಯುವಾಗ ಪೂರ್ತಿ ಹೆಸರು ಬರೆ. ಕೊನೆಗೆ ಕ್ಲೋರಿನ್ ಉಳಿದಿದೆಯಾ ಅಂತ ಬಣ್ಣದಿಂದ ತೋರಿಸುವ ಕ್ಲೋರೋಸ್ಕೋಪ್ ಹಿಡಿದು ನೋಡು, ಹಳದಿ ಬಣ್ಣ ಬಾರದಿದ್ದರೆ ಮಾತ್ರ ನೀರು ಹಾಕು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೈಪೋ ಕ್ಷಾರ ಅಲ್ವಾ, ಆಸಿಡ್ ಹಾಕಿದರೆ ಸರಿಹೋಗುತ್ತದೆ ಅಂತ ಯೋಚಿಸುವ ಓದಿದವರನ್ನೂ ಕಂಡಿದ್ದೇನೆ. ಆಸಿಡ್ ಬಿದ್ದರೆ ಅಲ್ಲಿಂದ ಏಳುವುದು ಕ್ಲೋರಿನ್ ಗ್ಯಾಸ್. ನೀರಿನ ಕೊಳೆ ಗಂಟುಕಟ್ಟಿ ತಳಕ್ಕಿಳಿಯಲು ಹಾಕುವ ಆಲಂ, ಫೆರಿಕ್ ಕ್ಲೋರೈಡ್ ಕೂಡ ಹುಳಿ ಗುಣದವೇ, ಅವು ಹರಿದು ಬಂದು ಹೈಪೋ ಜೊತೆ ಸೇರಿದರೂ ಅದೇ ಕತೆ. ಟ್ಯಾಂಕರಿನವನು ತಪ್ಪು ಟ್ಯಾಂಕಿಗೆ ಪೈಪ್ ಜೋಡಿಸಿದರೂ ಅಷ್ಟೇ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗು ಹುಡುಕಿ ಕೂರುತ್ತದೆ. ಚಳಿಗಾಲದ ಬೆಳಗ್ಗೆ ಮಂಜು ಕವಿದು ಎಲೆ ಅಲ್ಲಾಡದಿದ್ದಾಗಲಂತೂ ಅಲ್ಲಿಂದ ಕದಲುವುದೇ ಇಲ್ಲ. ಮೂಗಿಗೆ ಘಾಟು ಬಡಿಯಿತೋ, ವಾಲ್ವ್ ಗೀಲ್ವ್ ಅಂತ ಒಳಗೆ ನುಗ್ಗಬೇಡ. ಗಾಳಿ ಬರುವ ದಿಕ್ಕಿಗೆ, ಎತ್ತರದ ಕಡೆಗೆ ನಡೆ, ಉಳಿದವರನ್ನೂ ಕರೆದುಕೊಂಡು ಹೋಗು, ಅಲ್ಲಿಂದ 112ಕ್ಕೆ ಫೋನ್ ಮಾಡು. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ಹೋದ ನನ್ನ ಜೊತೆಗಾರನೊಬ್ಬ ಆಮೇಲೆ ಗುಡ್ಡ ಹತ್ತಲಾಗದೆ ಊರ ತೋಟವನ್ನೇ ಬಿಟ್ಟ. ಸಿಲಿಂಡರ್ ಬೆನ್ನಿಗೆ ಹೊತ್ತು ಉಸಿರಾಡುವ ಉಪಕರಣ ಇರುವವರ, ಕಲಿತವರ ಕೆಲಸ ಅದು.

ನಿಮ್ಮ ಲೈನ್ ಯಾಕೆ ಒಡೆಯಿತು ಅಂತ ಯಾರಾದರೂ ನೋಡಿದರಾ? ರಾತ್ರಿ ಪಂಪ್ ನಿಲ್ಲಿಸಿ ಎರಡೂ ಕಡೆಯ ವಾಲ್ವ್ ಮುಚ್ಚಿದ್ದೆವು ಅಂದೆ. ನನಗೆ ಅನುಮಾನ ಅಲ್ಲೇ. ಹೈಪೋ ಸುಮ್ನೆ ನಿಂತರೂ ಒಳಗೊಳಗೇ ಗ್ಯಾಸ್ ಬಿಡುತ್ತಿರುತ್ತದೆ. ಎರಡು ವಾಲ್ವಿನ ನಡುವೆ ಸಿಕ್ಕಿಕೊಂಡರೆ, ಅಥವಾ ಒಳಗೆ ತೂತಿನ ಗುಂಡು ತಿರುಗಿ ಮುಚ್ಚುವ ಬಾಲ್ ವಾಲ್ವಿನ ಹೊಟ್ಟೆಯಲ್ಲೇ ಉಳಿದರೆ, ಒತ್ತಡ ಏರಿ ಒಡೆಯುತ್ತದೆ. ಬಾಲ್‌ಗೆ ಸಣ್ಣ ರಂಧ್ರ ಇರುವ, ಹೈಪೋಗೆ ಅಂತಲೇ ಮಾಡಿದ ವಾಲ್ವ್ ಸಿಗುತ್ತದೆ. ಅದನ್ನು ಬರವಣಿಗೆಯಲ್ಲೇ ಕೇಳು. ಬಾಯಿಮಾತಿಗೆ ಯಾರೂ ಖರ್ಚು ಮಾಡುವುದಿಲ್ಲ.

ಇನ್ನು ಆ ಹೆಲ್ಪರ್ ಹುಡುಗ. ಹವಾಯಿ ಚಪ್ಪಲಿಯಲ್ಲೇ ನಿಂತು ತೊಳೆದ ಅಂದೆ, ಪಾಪ ತುಂಬಾ ಚುರುಕು ಅಂತಲೂ ಅಂದೆ. ಗುತ್ತಿಗೆಯವನು, ನೀನು ಹೇಳಿದ್ದಕ್ಕೆ ಅವನು ಇಲ್ಲ ಅನ್ನುವುದಿಲ್ಲ. ಅದಕ್ಕೇ ಅವನ ಕಾಲು, ಕಣ್ಣು ನಿನ್ನ ಜವಾಬ್ದಾರಿ. ಅವನ ಅಳತೆಯ ಗಮ್‌ಬೂಟು, ಕೈಗವಸು, ಕಣ್ಣಿಗೆ ಕನ್ನಡಕ ಬರುವ ತನಕ ಅವನನ್ನು ಆ ಕಡೆ ಕಳಿಸಬೇಡ. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರು, ಆಮೇಲೆ ಆಸ್ಪತ್ರೆ. ಆವತ್ತಿನಿಂದ ಅವನಿಗೆ ಕೆಮ್ಮು ಇದೆಯಾ ಕೇಳು, ಇದ್ದರೆ ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ದುಡ್ಡು ನಾನು ಕಳಿಸುತ್ತೇನೆ.

ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದ್ದಾಳೆ, ಬುಧವಾರದ ಬಸ್ಸಿಗೆ ಕೊಡುತ್ತೇನೆ. ಅಷ್ಟರೊಳಗೆ ಒಂದು ಬಕೆಟ್ ಬರೀ ನೀರನ್ನು ಆ ಮೋರಿಗೆ ಸುರಿದು, ಅದರ ಹಿಂದೆಯೇ ನಡೆದು ಹೋಗಿ, ಎಲ್ಲಿ ಹೊರಬರುತ್ತದೆ ಅಂತ ನೋಡಿ ನನಗೆ ಫೋನ್ ಮಾಡು.

ನಿನ್ನ ಮಾವ