ಅರ್ಧಕ್ಕೆ ನಿಂತ ಲೆಕ್ಕ ಮುಗಿಸೋಣ, ಕೈ ಜೋಡಿಸಿ

ಆತ್ಮೀಯರೇ,

ನಮ್ಮ ಟ್ರಸ್ಟ್‌ನ ಕಳೆದ ಸಭೆಗೆ ಒಬ್ಬ ತಾಯಿ ಮಗಳ ಹಳೆಯ ನೋಟ್‌ಬುಕ್ ತಂದಿದ್ದರು. ಮಗು ಎರಡನೇ ತರಗತಿಯಲ್ಲಿದ್ದಾಗಿನದು. 2020ರ ಮಾರ್ಚ್‌ನ ಒಂದು ತಾರೀಖು, ಅದರ ಕೆಳಗೆ ಅರ್ಧ ಮಾಡಿದ ಕಳೆಯುವ ಲೆಕ್ಕ, ಆಮೇಲೆ ಬರೀ ಖಾಲಿ ಹಾಳೆಗಳು. ಶಾಲೆ ತೆರೆದಾಗ ಮುಂದಿನ ತರಗತಿಯ ಪುಸ್ತಕ ಕೈಗೆ ಬಂತು, ಈ ಲೆಕ್ಕ ಅಲ್ಲೇ ಉಳಿಯಿತು. ಈಗ ಆ ಹುಡುಗಿ ಹೈಸ್ಕೂಲು. ದಶಕ ತೆಗೆದುಕೊಂಡು ಕಳೆಯುವಾಗ ಇವತ್ತಿಗೂ ತಡವರಿಸುತ್ತಾಳೆ.

ಇದು ಒಂದು ಮನೆಯ ಕಥೆ ಅಲ್ಲ. ಕೋವಿಡ್ ಬಂದಾಗ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆ ಮುಚ್ಚಿತು, ಸುಮಾರು 160 ಕೋಟಿ ಮಕ್ಕಳ ಓದು ನಿಂತಿತು. ಉಗಾಂಡದಲ್ಲಿ ಎಲ್ಲ ಮಕ್ಕಳೂ ಶಾಲೆಗೆ ಮರಳಿದ್ದು 2022ರ ಜನವರಿಯಲ್ಲಿ. ಕಾಲ ಕಳೆದಂತೆ ಮಕ್ಕಳು ತಾವಾಗೇ ಸರಿಹೋಗುತ್ತಾರೆ ಅಂತ ಸುಮ್ನೆ ಕೂರುವ ಹಾಗೂ ಇಲ್ಲ. 2005ರ ಭೂಕಂಪದ ನಂತರ ಪಾಕಿಸ್ತಾನದ ಪೀಡಿತ ಭಾಗಗಳಲ್ಲಿ ಶಾಲೆ ಮುಚ್ಚಿದ್ದು ಸುಮಾರು 14 ವಾರ. ನಾಲ್ಕು ವರ್ಷ ಬಿಟ್ಟು ನೋಡಿದರೆ ಅಲ್ಲಿನ ಮಕ್ಕಳು ಕಲಿಕೆಯಲ್ಲಿ ಒಂದೂವರೆ ವರ್ಷದಷ್ಟು ಹಿಂದೆ ಬಿದ್ದಿದ್ದರು. ಮುಚ್ಚಿದ್ದಕ್ಕಿಂತ ತೆರೆದ ಮೇಲೆ ಕಳೆದುಕೊಂಡದ್ದೇ ಜಾಸ್ತಿ! ಆದರೆ ಪ್ರಾಥಮಿಕ ಶಾಲೆ ಮುಗಿಸಿದ್ದ ತಾಯಂದಿರ ಮಕ್ಕಳಲ್ಲಿ ಈ ಕೊರತೆ ಕಾಣಲಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡುವವರು ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತೆ ನೋಡಿ.

ಏನು ಮಾಡಬೇಕು ಅಂತ ಪೋಷಕರು, ಶಿಕ್ಷಕರು, ಮಕ್ಕಳು ಎಲ್ಲರೂ ಕೂತು ಮೂರು ಸಲ ಚರ್ಚೆ ಮಾಡಿದೆವು. ಜಗಳವೂ ಆಯಿತು. ಮಕ್ಕಳಿಗೆಲ್ಲ ಟ್ಯಾಬ್ ಕೊಡಿಸಿ ಅಂತ ಹಲವರು ಕೇಳಿದರು. ಶಿಕ್ಷಕರು ತಮ್ಮ ಕಷ್ಟ ಬಿಚ್ಚಿಟ್ಟರು: ಈ ವರ್ಷದ ಪಾಠ ಮುಗಿಸುವುದರಲ್ಲೇ ದಿನ ಹೋಗುತ್ತೆ, ಹಿಂದಿನದನ್ನು ಯಾವಾಗ ಹೇಳಿಕೊಡೋದು? ಕೊನೆಗೆ ಮಕ್ಕಳನ್ನು ಕೇಳಿದೆವು. ಒಬ್ಬ ಹುಡುಗ ತಲೆ ತಗ್ಗಿಸಿಕೊಂಡೇ, "ನನ್ನನ್ನ ತಮ್ಮನ ಕ್ಲಾಸಲ್ಲಿ ಮಾತ್ರ ಕೂರಿಸಬೇಡಿ" ಅಂದ. ಮೊದಲೇ ಇವರನ್ನು ಕೇಳಬೇಕಿತ್ತು ಅಂತ ನನಗೆ ಅನಿಸಿತು.

ಅವನ ಮಾತು ಇಟ್ಟುಕೊಂಡೇ ತೀರ್ಮಾನ ಆಯಿತು. ಯಾರ ತರಗತಿಯೂ ಬದಲಾಗುವುದಿಲ್ಲ. ಶಾಲೆ ಬಿಟ್ಟ ಮೇಲೆ ದಿನಕ್ಕೆ ಒಂದು ಗಂಟೆ, ವಯಸ್ಸು ನೋಡದೆ, ಮಗುವಿಗೆ ಎಷ್ಟು ಬರುತ್ತೋ ಅಲ್ಲಿಂದ ಚಿಕ್ಕ ಗುಂಪುಗಳಲ್ಲಿ ಪಾಠ. ಗುಂಪಿಗೆ ತರಗತಿಯ ಹೆಸರಿಲ್ಲ, ಅಂಕ ಇಲ್ಲ, ಕಲಿತ ಮಗು ಮುಂದಿನ ಗುಂಪಿಗೆ ಹೋಗುತ್ತೆ. ಇದು ನಾವು ಕಂಡುಹಿಡಿದದ್ದಲ್ಲ, ಪ್ರಥಮ್ ಸಂಸ್ಥೆ ಭಾರತದಲ್ಲಿ ವರ್ಷಗಟ್ಟಲೆ ನಡೆಸಿದ ಪದ್ಧತಿ, ಆಫ್ರಿಕಾದ ದೇಶಗಳಿಗೂ ಹೋಗಿದೆ. ಬರಲಾಗದ ಮಕ್ಕಳಿಗೆ ವಾರಕ್ಕೊಂದು ಫೋನ್ ಪಾಠ. ಕೋವಿಡ್ ಹೊತ್ತಿನಲ್ಲಿ ಬೋಟ್ಸ್‌ವಾನಾದಲ್ಲಿ ಸಾದಾ ಫೋನಿಗೆ ಲೆಕ್ಕ ಕಳಿಸಿ, ವಾರಕ್ಕೊಮ್ಮೆ ಕರೆ ಮಾಡಿ ಹೇಳಿಕೊಟ್ಟಿದ್ದರು. ಮಕ್ಕಳು ಕಲಿತರು. ಬರೀ ಮೆಸೇಜ್ ಕಳಿಸಿದ ಕಡೆ ಅಷ್ಟು ಫಲ ಸಿಗಲಿಲ್ಲ. ಇದನ್ನು ಕೇಳಿದ ಮೇಲೆ ಟ್ಯಾಬ್ ಬೇಕೆಂದವರೂ ಒಪ್ಪಿದರು.

ಹಾಗಾಗಿ ನಿಮ್ಮ ದೇಣಿಗೆಯ ದೊಡ್ಡ ಪಾಲು ಹೋಗುವುದು ಕಲಿಸುವವರ ಗೌರವಧನಕ್ಕೆ. ಉಚಿತವಾಗಿ ಕಲಿಸುವವರು ಇದ್ದಾರೆ, ಆದರೆ ಅವರೂ ಸಂಸಾರ ನಡೆಸಬೇಕಲ್ವಾ? ಒಂದು ತಿಂಗಳು ಬಂದು ಮುಂದಿನ ತಿಂಗಳು ನಿಂತರೆ ಮಕ್ಕಳು ಇನ್ನೊಮ್ಮೆ ಅರ್ಧಕ್ಕೆ ನಿಲ್ಲುತ್ತಾರೆ. ಉಳಿದದ್ದು ಓದುವ ಪುಸ್ತಕ, ಸ್ಲೇಟು, ಫೋನ್ ಖರ್ಚಿಗೆ. ಕಟ್ಟಡಕ್ಕೆ, ಫಲಕಕ್ಕೆ, ಸಮಾರಂಭಕ್ಕೆ ಒಂದು ಪೈಸೆಯೂ ಹೋಗುವುದಿಲ್ಲ.

ನಿಮ್ಮ ಕೈಲಾದಷ್ಟು ಕೊಡಿ. ಒಟ್ಟಿಗೆ ಕೊಡಲು ಆಗದಿದ್ದರೆ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟರೆ ನಮಗೆ ಇನ್ನೂ ಅನುಕೂಲ, ಗೌರವಧನ ತಪ್ಪದೆ ಕೊಡಬಹುದು. ಹಣ ಕೊಡಲು ಆಗದವರು ವಾರಕ್ಕೆ ಒಂದು ಗಂಟೆ ಬಂದು ಒಂದು ಮಗು ಓದುವುದನ್ನು ಕೇಳಿಸಿಕೊಳ್ಳಿ, ಅದಕ್ಕೂ ಜನ ಬೇಕು. ಪ್ರತಿ ದೇಣಿಗೆಗೂ ಟ್ರಸ್ಟ್‌ನ ರಶೀದಿ ಸಿಗುತ್ತೆ. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳ ಸಭೆಯಲ್ಲಿ ಓದಿ ಹೇಳುತ್ತೇವೆ. ದಾನಿಗಳು ಬಂದು ಕೂರಬಹುದು, ಪ್ರಶ್ನೆ ಕೇಳಬಹುದು, ಮಕ್ಕಳೂ ಅಲ್ಲೇ ಇರುತ್ತಾರೆ.